ಮಾಳಿಗೆಯಿಂದ ತಾರಸಿಗೆ: ಕಡೂರು ಸೀಮೆಯ ಮನೆಗಳೂ ಮಳೆಯೂ

ಬೀರೂರು ಜಂಕ್ಷನ್ ದಾಟಿದ ಮೇಲೆ ರೈಲು ಹಳಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರ, ಶಿವನಿಗಳ ಬಯಲು ಹಾದು ಹರಿಹರದ ಕಡೆ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗ ಮುಟ್ಟುತ್ತದೆ. ಬೆಂಗಳೂರು–ಹರಿಹರ ಮಾರ್ಗ ಪೂರ್ತಿಯಾದದ್ದು 1889ರ ಹೊತ್ತಿಗೆ, ಬೀರೂರು–ಶಿವಮೊಗ್ಗ ಮಾರ್ಗ ತೆರೆದದ್ದು 1899ರಲ್ಲಿ. ಆ ಕಾಲದಲ್ಲಿ ಈ ಗಾಡಿಗಳ ಕಿಟಕಿ ಪಕ್ಕ ಕೂತವರಿಗೆ ಸ್ಟೇಷನ್ನಿನ ಹೆಸರು ಓದದೆಯೂ ಯಾವ ಕವಲಿನಲ್ಲಿದ್ದೇವೆಂದು ತಿಳಿಯುತ್ತಿತ್ತು. ಅಜ್ಜಂಪುರದ ಕಡೆ ಮನೆಗಳ ನೆತ್ತಿ ಚಪ್ಪಟೆ, ಬಣ್ಣ ಮಣ್ಣಿನದು. ತರೀಕೆರೆಯ ಕಡೆ ಇಳಿಜಾರು ಸೂರು, ಮೇಲೆ ಹೆಂಚು ಇಲ್ಲವೇ ಹುಲ್ಲು. ಈ ಎರಡು ಊರುಗಳ ನಡುವಿನ ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಅಷ್ಟೆ.

ಸೂರನ್ನು ಹೀಗೆ ಎರಡು ಮಾಡಿದ್ದು ಮಳೆ. ಕಡೂರಿಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಹೆಚ್ಚು. ಅದರಲ್ಲೂ ದೊಡ್ಡ ಪಾಲು ಗುಡುಗು–ಸಿಡಿಲಿನ ಜೊತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವಂಥದ್ದು. ತರೀಕೆರೆಗೆ ಅದಕ್ಕಿಂತ ಸಾಕಷ್ಟು ಹೆಚ್ಚು, ಮತ್ತು ಅದು ಮುಂಗಾರಿನಲ್ಲಿ ದಿನಗಟ್ಟಲೆ ಜಡಿಯುವ ಮಳೆ. ಅದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹತ್ತಿದರೆ 2000 ಮಿಲಿಮೀಟರ್ ದಾಟುತ್ತದೆ. ಬಾಬಾಬುಡನ್ ಗಿರಿಸಾಲು ಪಡುವಣದ ಮೋಡವನ್ನು ತಡೆದು ನಿಲ್ಲಿಸುತ್ತದೆ. ಅದರ ಮಗ್ಗುಲಲ್ಲಿರುವ ತರೀಕೆರೆಗೆ ನೀರು ದಕ್ಕುತ್ತದೆ, ಮರೆಯಲ್ಲಿರುವ ಕಡೂರಿಗೆ ಗಾಳಿ ದಕ್ಕುತ್ತದೆ.

ಈ ಸೀಮೆಯಲ್ಲಿ ಮನೆ ಕೊಳ್ಳಲು ಹೊರಟವರು ಈಗ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಖಾತೆ ಸರಿಯಾಗಿದೆಯೇ, ಬಾಗಿಲು ಯಾವ ದಿಕ್ಕಿಗೆ, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ. ಗೋಡೆಯಲ್ಲಿ ಪಸೆ ಇದೆಯೇ ಎಂದು ಕೇಳುವವರು ಕಮ್ಮಿ. ಹಿಂದೆ ಹೀಗಿರಲಿಲ್ಲ. ಆ ಪ್ರಶ್ನೆ ಮರೆತುಹೋದ ಕಥೆ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳ ಛಾವಣಿಗಳ ಚರಿತ್ರೆಯೂ ಹೌದು.

ಕಡೂರು ಮತ್ತು ಅಜ್ಜಂಪುರದ ಮಾಳಿಗೆ ಮನೆಯಿಂದ ಶುರು ಮಾಡಬೇಕು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ದಬ್ಬೆ ಅಥವಾ ಮರದ ಚಕ್ಕೆ. ಅದರ ಮೇಲೆ ಬಂದರೆ ಗಿಡದ ಸೊಪ್ಪಿನ ಹಾಸು. ಸೊಪ್ಪಿನ ಮೇಲೆ ಗೇಣುಗಟ್ಟಲೆ ಮಣ್ಣು ಹಾಕಿ ತುಳಿದು, ಕಟ್ಟಕಡೆಗೆ ಕರಲು ಮಣ್ಣಿನ ಪದರ. ಗುಟ್ಟು ಇರುವುದು ಈ ಕೊನೆಯ ಪದರದಲ್ಲಿ. ಬೇಸಾಯಕ್ಕೆ ಬಾರದ, ಉಪ್ಪಿನಂಶ ತುಂಬಿದ ಚೌಳು ನೆಲದ ಮಣ್ಣಿದು. ಅದರಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ಸೋಕಿದ ಕೂಡಲೇ ಉಬ್ಬಿ, ಬಿಡಿಬಿಡಿಯಾಗಿ ಹರಡಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೊದಲ ನಾಲ್ಕು ಹನಿ ಒಳಗಿಳಿಯುತ್ತವೆ, ಆಮೇಲಿನ ನೀರು ಮೇಲೆಯೇ ಜಾರಿ ದೋಣಿಯ ಮೂಲಕ ಬೀದಿಗೆ ಬೀಳುತ್ತದೆ. ಹೊಲಕ್ಕೆ ಶತ್ರುವಾದ ಮಣ್ಣು ಮನೆಯ ನೆತ್ತಿಗೆ ಕಾವಲು. ರಸಾಯನಶಾಸ್ತ್ರದ ಹೆಸರು ಕೇಳದ ಕಾಲದಲ್ಲಿ ಇದನ್ನು ಕಂಡುಕೊಂಡವರ ಕಣ್ಣು ಸಾಮಾನ್ಯದ್ದಲ್ಲ.

ಆ ಮಣ್ಣಿನ ಗುಣ ಬಲ್ಲವರಲ್ಲಿ ಉಪ್ಪಾರರು ಮೊದಲಿಗರು. ಚೌಳು ಮಣ್ಣನ್ನು ತೊಳೆದು ಉಪ್ಪು ತೆಗೆಯುವುದು ಅವರ ಮೂಲ ಕಸುಬು. ಸಮುದ್ರದ ಉಪ್ಪು ಅಗ್ಗವಾಗಿ ಸಿಗತೊಡಗಿ ಆ ಕಸುಬು ಬಿದ್ದುಹೋದಾಗ ಬಹಳ ಮಂದಿ ಗೋಡೆ, ಗಾರೆ, ಕೆರೆ ಕೆಲಸಕ್ಕೆ ತಿರುಗಿಕೊಂಡರು. ಕಲ್ಲು ಒಡೆದು ತಳಪಾಯ ಕಟ್ಟುವುದು ಭೋವಿಗಳ ಕೈ, ತೊಲೆ–ಬಾಗಿಲು ಬಡಗಿಯ ಕೈ, ನಾಡಹೆಂಚು ಕುಂಬಾರನ ಕೈ. ಮನೆಯೊಂದನ್ನು ಕೊಳ್ಳುವ ಮಾತು ಬಂದಾಗ ಇವರಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆಯಾಗಿತ್ತು. ‘ಒಂದು ಸಲ ಬಂದು ನೋಡಪ್ಪ’ ಎಂದರೆ ಮುಗಿಯಿತು. ಎಲೆ–ಅಡಿಕೆ, ಒಂದು ಹೊತ್ತಿನ ಊಟವೇ ಅದಕ್ಕೆ ಸಂಭಾವನೆ.

ನೋಡುವುದು ಏನನ್ನು? ಮಾಳಿಗೆ ಮನೆಯಲ್ಲಿ ಕಣ್ಣು ಮೊದಲು ಹೋಗುವುದು ಜಂತೆಯ ತುದಿಗೆ, ಅದು ಗೋಡೆಯೊಳಗೆ ಹೊಕ್ಕಿರುವ ಜಾಗಕ್ಕೆ. ನೀರು ಸದ್ದಿಲ್ಲದೆ ಕೂರುವುದು ಅಲ್ಲೇ, ಗೆದ್ದಲು ಮೊದಲು ಹಿಡಿಯುವುದೂ ಅಲ್ಲೇ. ಕತ್ತಿಯ ಮೊನೆಯಿಂದ ಚುಚ್ಚಿ ನೋಡಿದರೆ ಗಟ್ಟಿ ಮರ ತಡೆಯುತ್ತದೆ, ಲಡ್ಡು ಮರ ಮೊನೆಯನ್ನು ನುಂಗುತ್ತದೆ. ಗವಾಕ್ಷಿಯ ಸುತ್ತ ಕಂದುಗೆರೆ ಇದೆಯೇ, ದೋಣಿಯ ಕೆಳಗಿನ ಗೋಡೆ ಕೊರೆದಿದೆಯೇ, ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆಯೇ ಎಂದು ನೋಡುತ್ತಿದ್ದರು. ಮಾಳಿಗೆಯ ಮೇಲೆ ಹುಲ್ಲು ಹಸಿರಾಗಿದ್ದರೆ ಆ ಮನೆಯವರು ಎರಡು ಮೂರು ವರ್ಷದಿಂದ ಮೇಲೆ ಹತ್ತಿಲ್ಲ ಎಂದು ಅರ್ಥ. ಮುಂಗಾರಿಗೆ ಮುಂಚೆ ವರ್ಷವರ್ಷವೂ ಕರಲು ಮಣ್ಣು ಹಾಕಿ ಬಡಿಯದ ಮಾಳಿಗೆ ಉಳಿಯುವುದಿಲ್ಲ. ಹೀಗೆ ಮನೆ ನೋಡುವುದೆಂದರೆ ಅರ್ಧ ಪಾಲು ಮನೆಯವರನ್ನು ನೋಡುವುದೂ ಆಗಿತ್ತು.

ಮಾಳಿಗೆಗೆ ಒಂದು ಮಿತಿಯಿದೆ. ಒಂದು ಗಂಟೆ ರಪರಪ ಹೊಡೆದು ಬಿಸಿಲು ಬರುವ ಮಳೆಗೆ ಅದು ಜಗ್ಗದು. ವಾರಗಟ್ಟಲೆ ಬಿಡದೆ ಸುರಿದರೆ ಮಣ್ಣು ತೂಕ ಕುಡಿದು ಜಂತೆ ಬಾಗುತ್ತದೆ. 2021ರ ನವೆಂಬರಿನ ಅಕಾಲ ಮಳೆಯಲ್ಲಿ ರಾಜ್ಯದ ಬಯಲುಸೀಮೆಯ ಉದ್ದಕ್ಕೂ ಸಾವಿರಾರು ಮಣ್ಣಿನ ಮನೆಗಳು ಕುಸಿದದ್ದು ಈ ಕಾರಣಕ್ಕೆ. ಮನೆ ಕಟ್ಟಿದವರ ಲೆಕ್ಕದಲ್ಲಿ ಅಂಥ ಮಳೆ ಇರಲೇ ಇಲ್ಲ.

ತರೀಕೆರೆಯವರ ಲೆಕ್ಕದಲ್ಲಿ ಅದು ಪ್ರತಿ ವರ್ಷದ ಸಂಗತಿ. ಇಲ್ಲಿನ ಮನೆ ನೀರನ್ನು ತಡೆದು ನಿಲ್ಲಿಸಲು ಹೋಗುವುದಿಲ್ಲ, ಬೇಗ ಸಾಗಹಾಕುತ್ತದೆ. ಕಡಿದಾದ ಸೂರು, ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಚಾಚಿದ ಸೂರಂಚು, ಅದರಡಿ ಜಗಲಿ. ಮಣ್ಣಿನ ಗೋಡೆಗೆ ಇರಚಲು ತಾಗಬಾರದು ಎಂಬುದೇ ಆ ಇಡೀ ವಿನ್ಯಾಸದ ಹಟ. ಇದು ಈ ನೆಲಕ್ಕೆ ಹೊಸ ಯೋಚನೆಯೇನಲ್ಲ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತಯ್ಯ ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪ ನೋಡಿದರೂ ಸಾಕು. ಬಳಪದ ಕಲ್ಲಿನಲ್ಲೇ ಇಳಿಜಾರು ಲೋವೆ ಕಡೆದು ಕೂರಿಸಿದ್ದಾರೆ. ಶಿಲ್ಪ ನೋಡಲು ಬರುವವರು ಲೋವೆಯ ಕೆಲಸ ಗಮನಿಸುವುದು ಅಪರೂಪ.

ಮನೆಯ ಮರಕ್ಕೆ ಇಲ್ಲಿ ಬರವಿರಲಿಲ್ಲ. ಲಕ್ಕವಳ್ಳಿ ಕಾಡಿನ ತೇಗಕ್ಕೆ ದೊಡ್ಡ ಹೆಸರು, ಹೊನ್ನೆ, ಮತ್ತಿ, ನಂದಿ ಬೇಕಾದಷ್ಟು. ಆದರೆ ಆ ಮರವನ್ನು ಕಾಯುತ್ತಿದ್ದದ್ದು ಒಲೆ. ಅಡುಗೆಮನೆಯ ಹೊಗೆ ಅಟ್ಟ ಹತ್ತಿ, ಪಕಾಸಿಗಳ ಸಂದಿನಲ್ಲಿ ಸುತ್ತಾಡಿ, ಹೆಂಚಿನ ಎಡೆಯಿಂದ ಹೊರಗೆ ಹೋಗುವಾಗ ಮರದ ಮೇಲೆ ಕರಿಯ ಲೇಪ ಬಿಟ್ಟುಹೋಗುತ್ತಿತ್ತು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಆ ಬಿಸಿಗೆ ಆಷಾಢದ ಥಂಡಿಯೂ ಅಟ್ಟದಲ್ಲಿ ನಿಲ್ಲುತ್ತಿರಲಿಲ್ಲ, ಅಲ್ಲಿಟ್ಟ ಬಿತ್ತನೆಯ ಕಾಳಿಗೂ ಅದೇ ರಕ್ಷೆ. ಗ್ಯಾಸ್ ಒಲೆ ಬಂದದ್ದು ಹೆಂಗಸರ ಕಣ್ಣಿಗೆ, ಶ್ವಾಸಕ್ಕೆ ದೊಡ್ಡ ಉಪಕಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ನಿಂತ ಹೆಂಚಿನ ಮನೆಯ ಸೂರಿನಲ್ಲಿ ಕೆಲವೇ ವರ್ಷಗಳಲ್ಲಿ ಬೂಷ್ಟು, ಗೆದ್ದಲು ಕಾಣಿಸಿಕೊಳ್ಳುತ್ತವೆ. ಹಳೆಯ ಹೆಂಚಿನ ಮನೆ ಕೊಳ್ಳುವವರು ‘ಸೌದೆ ಒಲೆ ನಿಲ್ಲಿಸಿ ಎಷ್ಟು ವರ್ಷವಾಯಿತು’ ಎಂದು ಕೇಳುವುದರಲ್ಲಿ ಅರ್ಥವಿದೆ.

ಇಷ್ಟು ಹೊತ್ತು ಹೇಳಿದ್ದು ಜನ ತಾವಾಗಿಯೇ ಮಾಡಿಕೊಂಡ ತಪಾಸಣೆ. ಸರ್ಕಾರ ಮನೆಯೊಳಗೆ ಕಾಲಿಟ್ಟದ್ದು ರೋಗದ ನೆಪದಲ್ಲಿ.

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಇಲಿ ಬಿದ್ದ ಸುದ್ದಿ ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಆ ಕಾಲದ ಸಂಸ್ಥಾನದ ಉದ್ದಕ್ಕೂ ನಡೆದ ಸಂಗತಿ. ಬೆಳಕಿಲ್ಲದ ಕೋಣೆ, ಗಾಳಿಯಾಡದ ಹಿತ್ತಿಲು, ತೇವದ ನೆಲ, ಇವು ರೋಗದ ಮನೆಯೆಂದು ಅಧಿಕಾರಿಗಳು ಬರೆದುಕೊಂಡು ಹೋದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಿಗೆ ಪ್ಲೇಗಿನ ತರುವಾಯ ವೇಗ ಬಂದದ್ದು ಇದೇ ತಿಳಿವಳಿಕೆಯಿಂದ. ಅಗಲ ಬೀದಿ, ಮನೆಯ ಸುತ್ತ ಖಾಲಿ ಜಾಗ ಎಂಬ ಮಾದರಿ ಅಲ್ಲಿಂದ ಮೆಲ್ಲಗೆ ಸಣ್ಣ ಪಟ್ಟಣಗಳ ಎಕ್ಸ್‌ಟೆನ್ಷನ್‌ಗಳಿಗೂ ಇಳಿಯಿತು.

ತರೀಕೆರೆಯ ಕಡೆಗೆ ಪ್ಲೇಗಿಗಿಂತ ಹೆಚ್ಚು ಕಾಲ ಕಾಡಿದ್ದು ಮಲೆನಾಡು ಜ್ವರ, ಅಂದರೆ ಮಲೇರಿಯಾ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮಲೆನಾಡು ಸುಧಾರಣೆಯ ಯೋಜನೆಯೇ ಹೊರಟಿತು. ಸ್ವಾತಂತ್ರ್ಯದ ನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಡಿಡಿಟಿ ಪಂಪು ಹಿಡಿದ ಸಿಬ್ಬಂದಿ ಕೋಣೆಕೋಣೆಗೂ ನುಗ್ಗಿ ಗೋಡೆಗೆ ಸಿಂಪಡಿಸಿ, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ಮಣ್ಣಿನ ಗೋಡೆ ಆ ಮದ್ದನ್ನು ಹೀರಿಕೊಂಡುಬಿಡುತ್ತದೆ. ಅದರ ಮೇಲೆ ಮನೆಯವರು ಹಬ್ಬಕ್ಕೆ ಸಗಣಿ ಸಾರಿಸಿ ಸುಣ್ಣ ಬಳಿದರೆ ಕೆಲಸ ಪೂರ್ತಿ ವ್ಯರ್ಥ. ಅಂತೂ ಈ ಸೀಮೆಯ ಮನೆಗಳ ಒಳಗೋಡೆಯನ್ನು ಇಷ್ಟು ಕ್ರಮವಾಗಿ, ವರ್ಷಕ್ಕೊಮ್ಮೆಯಾದರೂ ನೋಡಿದ ಸರ್ಕಾರಿ ಇಲಾಖೆ ಅದೊಂದೇ ಇರಬೇಕು. ಆಮೇಲೆ ಮತ್ತಾರೂ ಬರಲಿಲ್ಲ.

ಅಷ್ಟರಲ್ಲಿ ಸೂರು ಬದಲಾಗಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಯಂತ್ರದ ಹೆಂಚು ಒತ್ತಲು ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಚಪ್ಪಟೆ ಹೆಂಚು ನಾಡಹೆಂಚಿಗಿಂತ ಹಗುರ, ಚದರ ಮೀಟರಿಗೆ ಹದಿನೈದರಷ್ಟು ಸಾಕು, ಮಂಗ ಓಡಾಡಿದರೂ ಸರಿದುಹೋಗುವುದಿಲ್ಲ. ಮೊದಲು ಸರ್ಕಾರಿ ಬಂಗಲೆ, ಕಾಫಿ ತೋಟದ ಮನೆ, ಶಾಲೆ, ಆಮೇಲೆ ಅಡಿಕೆಯಲ್ಲಿ ನಾಲ್ಕು ಕಾಸು ಕಂಡವರ ಮನೆ. ಬೇರೆ ಊರುಗಳಲ್ಲಿ ಸುಟ್ಟ ಹೆಂಚಿಗೂ ಮಂಗಳೂರು ಹೆಂಚು ಎಂಬ ಹೆಸರೇ ನಿಂತಿತು. ಕಡೂರಿನ ಪೇಟೆಯಲ್ಲೂ ಮಾಳಿಗೆ ಬಿಚ್ಚಿ ಹೆಂಚು ಹೊದಿಸುವುದು ಮರ್ಯಾದೆಯ ಮಾತಾಯಿತು. ಮಣ್ಣು ಹೊರುವ ಕೆಲಸ ತಪ್ಪಿತು, ಜೊತೆಗೆ ಬೇಸಿಗೆಯಲ್ಲಿ ಮಾಳಿಗೆ ಕೊಡುತ್ತಿದ್ದ ತಂಪೂ ತಪ್ಪಿತು.

ಹೆಂಚು ಮಳೆಯ ಗಡಿಯನ್ನು ಅರ್ಧ ಅಳಿಸಿತು, ಸಿಮೆಂಟು ಪೂರ್ತಿ ಅಳಿಸಿತು. ತರೀಕೆರೆಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ ಅದಿರು ಕೆಮ್ಮಣ್ಣುಗುಂಡಿಯ ಗುಡ್ಡದಿಂದ, ಅಂದರೆ ತರೀಕೆರೆ ತಾಲ್ಲೂಕಿನಿಂದಲೇ, ತಣಿಗೆಬೈಲಿನ ಮೂಲಕ ಹೋಗುತ್ತಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಅದೇ ಕಾರ್ಖಾನೆ ಸಿಮೆಂಟನ್ನೂ ತಯಾರಿಸತೊಡಗಿತು. ಕಬ್ಬಿಣ, ಸಿಮೆಂಟು ಎರಡೂ ಪಕ್ಕದ ಊರಿನಲ್ಲಿ. 1947ರಲ್ಲಿ ಆರಂಭವಾದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕೆಲಸ 1960ರ ದಶಕದ ಮಧ್ಯದವರೆಗೆ ನಡೆಯಿತು. ಗಾರೆ ಕಲಸಲು, ಸೆಂಟ್ರಿಂಗ್ ಹೊಡೆಯಲು, ಕಬ್ಬಿಣ ಕಟ್ಟಲು ಕಲಿತ ಕೈಗಳು ಇಂಥ ಕಾಮಗಾರಿಗಳಿಂದಲೇ ಪೇಟೆಗೆ ಬಂದವು. 1980ರ ನಂತರವಂತೂ ಕಡೂರು, ತರೀಕೆರೆ, ಅಜ್ಜಂಪುರ ಮೂರರಲ್ಲೂ ಹೊಸ ಮನೆಯೆಂದರೆ ಒಂದೇ ಮನೆ: ಚೌಕಾಕಾರದ ಆರ್‌ಸಿಸಿ ಪೆಟ್ಟಿಗೆ, ಮೇಲೆ ಸಮತಟ್ಟು ತಾರಸಿ, ಗೋಡೆಗೆ ಅಂಟಿಕೊಂಡ ಗೇಣುದ್ದದ ಸಜ್ಜ.

ಈ ಮನೆ ಕಡೂರಿಗೆ ಹೇಗೋ ಹೊಂದಿಕೊಂಡಿತು. ತರೀಕೆರೆಗೆ ಹೊಂದಲಿಲ್ಲ, ಇವತ್ತಿಗೂ ಹೊಂದಿಲ್ಲ. ಸಮತಟ್ಟು ತಾರಸಿಯಲ್ಲಿ ನಿಂತ ನೀರು ಪ್ಯಾರಾಪೆಟ್ ಗೋಡೆ ಸೇರುವ ಮೂಲೆ ಹುಡುಕಿಕೊಂಡು ಇಳಿಯುತ್ತದೆ. ಸಜ್ಜ ಕಿರಿದಾದ್ದರಿಂದ ಪಡುವಣ ಗೋಡೆ ಎರಡು ತಿಂಗಳು ನೆನೆಯುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿ, ಲಕ್ಕವಳ್ಳಿವರೆಗೆ ದಾರಿಯುದ್ದಕ್ಕೂ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸಿದ ಮನೆಗಳು ಕಾಣುತ್ತವೆ. ಲಕ್ಷಗಟ್ಟಲೆ ಸುರಿದು ತಾರಸಿ ಹಾಕಿ, ಆಮೇಲೆ ಮತ್ತೆ ಲಕ್ಷ ಸುರಿದು ಅದರ ಮೇಲೆ ಇಳಿಜಾರು ಸೂರು! ಅಡಿಕೆ ಒಣಗಿಸಲು ಎಂದು ಹೇಳುವವರೂ ಉಂಟು. ಅರ್ಧ ನಿಜ.

ಹಳೆಯ ಮನೆಗಳ ‘ರಿಪೇರಿ’ ಇದಕ್ಕಿಂತ ಕೆಟ್ಟದ್ದು. ಮಣ್ಣಿನ ಗೋಡೆ ನೆಲದಿಂದ ಒಂದಿಷ್ಟು ತೇವ ಎಳೆದುಕೊಳ್ಳುವುದು, ಗಾಳಿಗೆ ಅದನ್ನು ಬಿಟ್ಟುಕೊಡುವುದು ಸಹಜ. ಸುಣ್ಣ, ಕೆಮ್ಮಣ್ಣಿನ ಸಾರಣೆ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಅದೇ ಗೋಡೆಗೆ ಚೆಂದ ಕಾಣಲೆಂದು ಸಿಮೆಂಟು ಪ್ಲಾಸ್ಟರ್ ಹೊಡೆಸುವುದು ಬೆವರಿದ ಮೈಗೆ ರೈನ್‌ಕೋಟು ತೊಡಿಸಿದ ಹಾಗೆ. ಹೊರಬರಲಾಗದ ನೀರು ಒಳಗೇ ಏರುತ್ತದೆ, ಮಣ್ಣು ಮೆತ್ತಗಾಗುತ್ತದೆ, ಪ್ಲಾಸ್ಟರ್ ಮಾತ್ರ ನುಣ್ಣಗೆ ನಿಂತಿರುತ್ತದೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಆ ನುಣುಪು. ಮಣ್ಣಿನ ಮನೆಯ ರೋಗ ಹೊರಗೆ ಕಾಣುತ್ತಿತ್ತು, ಸಿಮೆಂಟಿನ ಮನೆಯ ರೋಗ ಬಣ್ಣದ ಹಿಂದೆ ಅಡಗುತ್ತದೆ. ಮನೆ ನೋಡುವ ಕಣ್ಣು ಮಂದವಾದದ್ದಕ್ಕೆ ದೊಡ್ಡ ಕಾರಣ ಇದೇ.

ಅಜ್ಜಂಪುರದ ಕಥೆಯಲ್ಲಿ ತೇವ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಈ ಊರಿನ ಸುತ್ತ ಎರೆ ಭೂಮಿ ಇದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ತಳಪಾಯ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಅದರ ಗುರುತು. ಮಳೆನೀರು ಆ ಬಿರುಕಿನಲ್ಲಿ ಇಳಿದು ಮತ್ತೆ ತಳಕ್ಕೆ ಸೇರುತ್ತದೆ. ಹಿಂದಿನವರು ಎರೆಯನ್ನು ತೋಡಿ ಗರಸು ಸಿಗುವವರೆಗೂ ಇಳಿದು ಕಲ್ಲು ಕೂರಿಸುತ್ತಿದ್ದರು. ಈಗ ಇಂಥ ನೆಲಕ್ಕೆಂದೇ ಬುಡದಲ್ಲಿ ಅಗಲಿಸಿದ ಕಾಂಕ್ರೀಟು ಪೈಲುಗಳ ವಿಧಾನವಿದೆ, ಅದಕ್ಕೆ ಭಾರತೀಯ ಮಾನಕವೂ ಇದೆ. ಆದರೂ ಸೈಟಿನಲ್ಲಿ ಮೂರಡಿ ತೋಡಿ ಮುಗಿಸುವವರೇ ಹೆಚ್ಚು. ಮನೆ ಕೊಳ್ಳುವವರು ಅಳುಕದೆ ಕೇಳಬೇಕಾದ ಮಾತು: ತಳಪಾಯ ಎಷ್ಟು ಅಡಿ, ಗಟ್ಟಿ ನೆಲ ಸಿಕ್ಕಿತ್ತೇ?

ತರೀಕೆರೆ ತಾಲ್ಲೂಕಿನ ನಾಲೆಯ ಬಯಲಿನಲ್ಲಿ ಇನ್ನೊಂದು ತರಹ. ಭದ್ರಾ ನಾಲೆ ಬಂದ ಮೇಲೆ ಗದ್ದೆ, ತೋಟಗಳ ನಡುವೆ ನೆಲದ ನೀರು ಮೇಲೆ ಬಂದಿದೆ. ಅಂಥ ಗದ್ದೆಗಳೇ ಭೂಪರಿವರ್ತನೆಯಾಗಿ ಲೇಔಟು ಆಗಿರುವ ಕಡೆ, ಗೋಡೆಯ ಬುಡದಿಂದ ಮೂರಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹುಡಿಯಾಗಿ ಉದುರುತ್ತದೆ. ತಳಪಾಯದ ಮೇಲೆ ತೇವ ತಡೆಯುವ ಪದರ, ಮೇಸ್ತ್ರಿಗಳ ಬಾಯಲ್ಲಿ ಡಿಪಿಸಿ, ಹಾಕದಿದ್ದರೆ ಯಾವ ಪುಟ್ಟಿ, ಯಾವ ಬಣ್ಣವೂ ಇದನ್ನು ನಿಲ್ಲಿಸದು. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೇ ಈ ಪದರ ಕಟ್ಟಡ ನಿಯಮದಲ್ಲಿ ಸೇರಿತ್ತು. ನಮ್ಮ ಸಣ್ಣ ಪಟ್ಟಣಗಳಲ್ಲಿ ಇಂದಿಗೂ ಅದು ಮೇಸ್ತ್ರಿಯ ಮನಸ್ಸಿಗೆ ಬಿಟ್ಟ ವಿಷಯ.

ಸೈಟಿನ ಹಿಂದಿನ ಜನ್ಮ ತಿಳಿಯಲು ದಾಖಲೆಯೇ ಇದೆ. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಅಂದಿನಿಂದ ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಬರೆದಿಟ್ಟಿದ್ದಾರೆ. ಪಹಣಿಯಲ್ಲಿ ಮಣ್ಣಿನ ನಮೂನೆಗೆ ಪ್ರತ್ಯೇಕ ಕಲಮೇ ಇದೆ. ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆ ಗೆರೆಗೆರೆಯಾಗಿ ಕಾಣುತ್ತವೆ. ಮನೆ ಕೊಳ್ಳುವವರು ವಕೀಲರ ಕೈಗೆ ಈ ಕಾಗದ ಕೊಟ್ಟು ಮಾಲೀಕರ ಹೆಸರಷ್ಟೇ ಓದಿಸುತ್ತಾರೆ. ಅದರಲ್ಲಿ ‘ತರಿ’ ಎಂದಿದ್ದರೆ ಆ ಜಾಗ ಒಂದು ಕಾಲಕ್ಕೆ ನೀರು ನಿಲ್ಲಿಸಿ ಭತ್ತ ಬೆಳೆದ ಗದ್ದೆ. ಭೂಪರಿವರ್ತನೆಯ ಆದೇಶ ಕಾಗದವನ್ನು ಬದಲಿಸಿತು, ನೆಲದಡಿಯ ನೀರನ್ನು ಬದಲಿಸಲಿಲ್ಲ.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ತಿಳಿಯದಂಥ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಇದರ ಮತ್ತೊಂದು ಮಗ್ಗುಲನ್ನೂ ಗಮನಿಸಬೇಕು: ಸಾಮಾನ್ಯ ಎಚ್ಚರಿಕೆಯಿಂದ ಕಾಣಬಹುದಾಗಿದ್ದ ದೋಷ ಕೊಳ್ಳುವವನ ತಲೆಗೇ ಬರುತ್ತದೆ. ಅಟ್ಟ ಹತ್ತದೆ, ತಾರಸಿ ನೋಡದೆ ಅಡ್ವಾನ್ಸು ಕೊಟ್ಟವರು ದೋಷ ತಿಳಿದಿರಲಿಲ್ಲ ಎಂದು ಆಮೇಲೆ ಕೋರ್ಟಿನಲ್ಲಿ ಹೇಳುವುದು ಕಷ್ಟ. 2016ರ ರೇರಾ ಕಾಯ್ದೆ ಬಿಲ್ಡರನ ಮೇಲೆ ಐದು ವರ್ಷಗಳ ಹೊಣೆ ಹೊರಿಸಿದೆ, ದೋಷ ತಿಳಿಸಿದ 30 ದಿನದೊಳಗೆ ಪುಕ್ಕಟೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟು ಮೀರದ ಯೋಜನೆಗಳಿಗೆ ಅಲ್ಲಿ ನೋಂದಣಿಯೇ ಬೇಕಿಲ್ಲ. ತರೀಕೆರೆ, ಕಡೂರುಗಳಲ್ಲಿ ಮಾರಾಟವಾಗುವ ಮನೆಗಳೆಲ್ಲ ಹೆಚ್ಚುಕಡಿಮೆ ಮೂವತ್ತು–ನಲವತ್ತರ ಸೈಟಿನವು.

ಬ್ಯಾಂಕು ಕಳಿಸುವ ವ್ಯಾಲ್ಯುಯರ್ ಬಂದು ಅಳತೆ ತೆಗೆದು ಫೋಟೋ ಹಿಡಿದು ಹೋಗುತ್ತಾರೆ. ಅವರ ಕೆಲಸ ಸಾಲಕ್ಕೆ ಮನೆಯ ಬೆಲೆ ಸಾಕೇ ಎಂದು ಹೇಳುವುದು, ಆಷಾಢದಲ್ಲಿ ಮಗುವಿನ ಕೋಣೆಯ ಗೋಡೆ ಹೇಗಿರುತ್ತದೆ ಎಂದು ಹೇಳುವುದಲ್ಲ. ಅಮೆರಿಕದಲ್ಲಿ ಮನೆ ತಪಾಸಣೆಯವರು 1976ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು, ಅಲ್ಲಿ ಖರೀದಿಗೆ ಮುಂಚೆ ಅವರ ವರದಿ ತರಿಸುವುದು ರೂಢಿ. ಬೆಂಗಳೂರಿನಲ್ಲಿ ಈಚೆಗೆ ಅಂಥ ಸೇವೆ ಕೊಡುವವರಿದ್ದಾರೆ, ತೇವ ಅಳೆಯುವ ಮೀಟರು ಇಟ್ಟುಕೊಂಡಿರುತ್ತಾರೆ. ಕಡೂರು ಸೀಮೆಯಲ್ಲಿ ಆ ಜಾಗದಲ್ಲಿ ಇರುವುದು ನಂಬಿಕಸ್ಥ ಮೇಸ್ತ್ರಿ, ಇಲ್ಲವೇ ಪರಿಚಯದ ಸಿವಿಲ್ ಎಂಜಿನಿಯರ್. ಆಯ, ವಾಸ್ತು ನೋಡಿಸಲು ಸಾವಿರಾರು ರೂಪಾಯಿ ದಕ್ಷಿಣೆ ಕೊಡುವವರು ಈ ಮೇಸ್ತ್ರಿಗೆ ಒಂದು ದಿನದ ಕೂಲಿ ಕೊಡಲು ಹಿಂದೆಮುಂದೆ ನೋಡುವುದು ವಿಚಿತ್ರ. ಧ್ವಜಾಯವೋ ವೃಷಭಾಯವೋ ಸರಿಯಾಗಿಯೇ ಕೂಡಿಬಂದಿರಬಹುದು. ಪ್ಯಾರಾಪೆಟ್ಟಿನ ಮೂಲೆ ಸೋರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೇಸ್ತ್ರಿ ಜೊತೆಗಿದ್ದರೆ ನೋಡಬೇಕಾದ ಜಾಗಗಳು ಹಳೆಯವೇ, ವೇಷ ಮಾತ್ರ ಬೇರೆ. ಜಂತೆಯ ತುದಿಯ ಬದಲು ಈಗ ತಾರಸಿಯ ಅಡಿಭಾಗ: ಕಬ್ಬಿಣ ತುಕ್ಕು ಹಿಡಿದರೆ ಸೀಲಿಂಗಿನಲ್ಲಿ ಸರಳಿನ ನೇರಕ್ಕೆ ಕಂದುಗೆರೆ ಮೂಡುತ್ತದೆ, ಆಮೇಲೆ ಹೊಪ್ಪಳಿಕೆ ಉದುರುತ್ತದೆ. ದೋಣಿಯ ಬದಲು ಮಳೆನೀರಿನ ಪೈಪು, ಅದು ಗೋಡೆಯೊಳಗೆ ಹೂತಿದ್ದರೆ ಇನ್ನಷ್ಟು ಎಚ್ಚರ. ಬಚ್ಚಲಿನ ಆಚೆ ಬದಿಯ ಗೋಡೆ, ಸಂಪಿನ ಪಕ್ಕದ ಗೋಡೆ, ಅಡುಗೆಮನೆಯ ಸಿಂಕಿನ ಅಡಿ, ಬೀರುವಿನ ಹಿಂದೆ. ಗೋಡೆಯನ್ನು ಬೆರಳಗಂಟಿನಿಂದ ತಟ್ಟಿದರೆ ಪ್ಲಾಸ್ಟರ್ ಬಿಟ್ಟಿರುವ ಕಡೆ ಟೊಳ್ಳು ಸದ್ದು ಬರುತ್ತದೆ. ಸ್ವಿಚ್‌ಬೋರ್ಡಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಆ ಗೋಡೆಯಲ್ಲಿ ನೀರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಡೀ ಮನೆ ಹಳೆಯದಿದ್ದು ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ಮಾತಿಗೆ ಮುಂಚೆ ಆ ಗೋಡೆಯ ಹತ್ತಿರ ಹೋಗುವುದು ಒಳ್ಳೆಯದು. ಹೆಂಚಿನ ಮನೆಯಾದರೆ ಏಣಿ ಹಾಕಿ ಅಟ್ಟ ಹತ್ತಲೇಬೇಕು. ಸೂರಿನ ಎರಡು ಇಳಿಜಾರು ಕೂಡುವ ತಗಡಿನ ದೋಣಿಯಲ್ಲಿ ತೂತಿದ್ದರೆ ಹಗಲಿನ ಬೆಳಕೇ ತೋರಿಸಿಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಯಾವಾಗ ನೋಡುವುದು ಎಂಬುದು. ಮನೆ ವ್ಯಾಪಾರಗಳೆಲ್ಲ ಯುಗಾದಿಯಿಂದ ಈಚೆಗೆ, ಮದುವೆಯ ತಿಂಗಳುಗಳಲ್ಲಿ ಕುದುರುತ್ತವೆ. ಏಪ್ರಿಲಿನ ಬಿಸಿಲಿನಲ್ಲಿ ಒಣಗದ ಗೋಡೆ ಯಾವುದು? ತರೀಕೆರೆ, ಲಿಂಗದಹಳ್ಳಿ, ಲಕ್ಕವಳ್ಳಿಯ ಮನೆಯಾದರೆ ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ, ಅಂದರೆ ಜುಲೈ ತಿಂಗಳಿನಿಂದ ಆಗಸ್ಟ್ ಮೊದಲ ವಾರದೊಳಗೆ ಒಮ್ಮೆ ಹೋಗಿ ನೋಡಿ. ಕಡೂರು, ಬೀರೂರು, ಅಜ್ಜಂಪುರದ ಮನೆಯಾದರೆ ಹಸ್ತ, ಚಿತ್ತೆ ಮಳೆಯ ಮಾರನೆಯ ದಿನ, ಅಕ್ಟೋಬರಿನಲ್ಲಿ. ಅಷ್ಟು ಕಾಯಲಾಗದಿದ್ದರೆ ಸೋರಿಕೆ, ತೇವ, ಬಿರುಕುಗಳ ಬಗ್ಗೆ ಮಾರುವವರ ಮಾತನ್ನು ಕ್ರಯದ ಕರಾರಿನಲ್ಲಿ ಬರೆಸಿಕೊಳ್ಳಿ, ಒಂದಿಷ್ಟು ಹಣವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಲು ಕೇಳಿ. ಒಪ್ಪದಿದ್ದರೆ ಬೇರೆ ಮನೆ ನೋಡಿ. ಮೂರೂ ಊರುಗಳಲ್ಲಿ ಮಾರಾಟಕ್ಕಿರುವ ಮನೆಗಳಿಗೆ ಕೊರತೆಯಿಲ್ಲ.